ಗಾಳಿ ಬೆರೆತ ಎಸ್‌ಎಫ್‌6 ಅನಿಲವನ್ನು ಮೆಂಬ್ರೇನ್‌ನಿಂದ ಬೇರ್ಪಡಿಸಬಹುದೇ? ಪೀಣ್ಯದಿಂದ ಒಂದು ಪ್ರಶ್ನೆ

ಪೀಣ್ಯ ಎರಡನೇ ಹಂತ:

ಎಲ್ಲರಿಗೂ ನಮಸ್ಕಾರ. ಹಳೆಯ ಸರ್ಕ್ಯೂಟ್ ಬ್ರೇಕರುಗಳನ್ನು ಬಿಚ್ಚಿ, ಸರಿಪಡಿಸಿ, ಮತ್ತೆ ಜೋಡಿಸಿ ಕೊಡುವುದು ನಮ್ಮ ಕೆಲಸ. ಚಿಕ್ಕ ಶೆಡ್, ಏಳು ಜನ ಇದ್ದೇವೆ. ನಮ್ಮಲ್ಲಿಗೆ ಬರುವ ದೊಡ್ಡ ಬ್ರೇಕರುಗಳಲ್ಲಿ ಎಸ್‌ಎಫ್‌6, ಅಂದರೆ ಸಲ್ಫರ್ ಹೆಕ್ಸಾಫ್ಲೋರೈಡ್ ತುಂಬಿರುತ್ತದೆ. ಬಿಚ್ಚುವ ಮೊದಲು ಅದನ್ನು ರಿಕವರಿ ಗಾಡಿಯಿಂದ ಎಳೆದು ಸಿಲಿಂಡರಿಗೆ ತುಂಬುತ್ತೇವೆ.

ತೊಂದರೆ ಬರುವುದು ಕೊನೆಯಲ್ಲಿ. ಗಾಳಿ ಬೆರೆತ ಅನಿಲ ಸಿಲಿಂಡರಿನೊಳಗೆ ದ್ರವವಾಗುವುದೇ ಇಲ್ಲ. ಕಂಪ್ರೆಸರ್ ಏದುಸಿರು ಬಿಡುತ್ತದೆ, ಒತ್ತಡದ ಮುಳ್ಳು ಏರುತ್ತದೆ, ಸಿಲಿಂಡರ್ ಇಟ್ಟ ತಕ್ಕಡಿ ಮಾತ್ರ ಅಲುಗುವುದಿಲ್ಲ. ಆಗ ಹುಡುಗರು ಏನು ಮಾಡುತ್ತಾರೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಸಿಲಿಂಡರಿನ ವಾಲ್ವನ್ನು ಅರ್ಧ ಸುತ್ತು ತಿರುಗಿಸಿ ‘ಗಾಳಿ ಬಿಡುತ್ತಾರೆ’. ಹೋಗುವುದು ಬರೀ ಗಾಳಿಯಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು.

ಹೋದ ವಾರ ಮಗಳು ಶಾಲೆಯ ಯಾವುದೋ ಯೋಜನೆಗೆಂದು ಕುಳಿತು ಲೆಕ್ಕ ಹಾಕಿಸಿದಳು. ಒಂದು ಕೆ.ಜಿ. ಎಸ್‌ಎಫ್‌6 ನೂರು ವರ್ಷದ ಅವಧಿಯಲ್ಲಿ 23,500 ಕೆ.ಜಿ. ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಹೊರಬರುತ್ತದೆ. ಅಲ್ಲಿಗೆ ಒಂದು ಕೆ.ಜಿ. ಎಸ್‌ಎಫ್‌6 ಎಂದರೆ ಹತ್ತು ಸಾವಿರ ಲೀಟರ್ ಪೆಟ್ರೋಲ್. ನನ್ನ ಸ್ಕೂಟರ್ ಲೀಟರಿಗೆ 45 ಕಿ.ಮೀ. ಕೊಡುತ್ತದೆ. “ಮೈಸೂರಿಗೆ ಸಾವಿರದ ಐನೂರು ಸಲ ಹೋಗಿಬರಬಹುದು ಅಪ್ಪ” ಎಂದಳು. ಅನ್ನ ಇಳಿಯಲಿಲ್ಲ.

ಮನೆಯ ನೀರಿನ ಆರ್‌ಒ ಯಂತ್ರದಲ್ಲಿ ಮೆಂಬ್ರೇನ್ ಇರುತ್ತದಲ್ಲ, ಅನಿಲಗಳಿಗೂ ಅಂಥದ್ದು ಇದೆ ಎಂದು ಯಾರೋ ಹೇಳಿದರು. ನಮ್ಮಂಥ ಸಣ್ಣವರ ಕೆಲಸಕ್ಕೆ ಆದೀತೇ? ತಿಳಿದವರು ಹೇಳಿ.

ನಿವೃತ್ತ ಮೀಟರ್:

ಮೆಂಬ್ರೇನ್ ಮಾತು ಆಮೇಲೆ. ಶೆಡ್ಡಿನೊಳಗೆ ಆ ಅನಿಲ ಬಿಡುವುದನ್ನು ಇವತ್ತೇ ನಿಲ್ಲಿಸಿ. ಎಸ್‌ಎಫ್‌6 ಗಾಳಿಗಿಂತ ಐದು ಪಟ್ಟು ಭಾರ. ಬಣ್ಣವಿಲ್ಲ, ವಾಸನೆಯಿಲ್ಲ, ಹೋಗಿ ಕೇಬಲ್ ಗುಂಡಿಯಲ್ಲಿ ನೀರಿನಂತೆ ನಿಲ್ಲುತ್ತದೆ. ನಾನು ನೌಕರಿಯಲ್ಲಿದ್ದಾಗ ಒಂದು ಸಬ್‌ಸ್ಟೇಷನ್ನಿನಲ್ಲಿ ಕೈಜಾರಿ ಬಿದ್ದ ಸ್ಪ್ಯಾನರ್ ತರಲು ಗುಂಡಿಗೆ ಇಳಿದ ಸಹಾಯಕ, ಬಗ್ಗಿದವನು ಬಗ್ಗಿದಂತೆಯೇ ಕುಸಿದ. ಮೇಲಿದ್ದವನು ಉಸಿರು ಬಿಗಿಹಿಡಿದು ಅಂಗಿಯ ಕೊರಳಪಟ್ಟಿ ಹಿಡಿದೆಳೆದದ್ದರಿಂದ ಬದುಕಿದ. ವಿಷ ತಗುಲಿದ್ದಲ್ಲ, ಅಲ್ಲಿ ಉಸಿರಾಡಲು ಆಮ್ಲಜನಕವೇ ಇರಲಿಲ್ಲ.

ಇನ್ನೊಂದು. ಬ್ರೇಕರಿನೊಳಗೆ ಕಿಡಿ ಹಾರಿದಾಗ ಈ ಅನಿಲ ಒಡೆಯುತ್ತದೆ. ತೇವ ಸೇರಿದರೆ ಹೈಡ್ರೋಜನ್ ಫ್ಲೋರೈಡ್, ಸಲ್ಫರ್ ಡೈಆಕ್ಸೈಡ್ ಹುಟ್ಟುತ್ತವೆ. ಬಿಚ್ಚಿದಾಗ ಕಾಣುವ ಬಿಳಿ ಹುಡಿ, ಕೊಳೆತ ಮೊಟ್ಟೆಯ ವಾಸನೆ ಅದರದೇ ಗುರುತು. ಆ ಹುಡಿಯನ್ನು ಬರಿಗೈಯಲ್ಲಿ ಒರೆಸುವವರನ್ನು ನೋಡಿದ್ದೇನೆ.

ನಿಮ್ಮ ತಕ್ಕಡಿ ಏಕೆ ಅಲುಗುವುದಿಲ್ಲ ಎಂಬುದಕ್ಕೆ ಉತ್ತರ ಸುಲಭ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಸ್‌ಎಫ್‌6 ದ್ರವವಾಗಲು ಅದರ ಪಾಲಿನ ಒತ್ತಡವೇ ಸುಮಾರು 21 ಬಾರ್ ಆಗಬೇಕು (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ). ಅರ್ಧ ಗಾಳಿ ಬೆರೆತಿದ್ದರೆ ಒಟ್ಟು 42 ಬಾರ್ ಒತ್ತಬೇಕು. ಐದರಲ್ಲಿ ಒಂದು ಪಾಲು ಮಾತ್ರ ಎಸ್‌ಎಫ್‌6 ಇದ್ದರೆ 105 ಬಾರ್! ನಿಮ್ಮ ಗಾಡಿ ಅಲ್ಲಿಗೆ ಹೋಗುವುದಿಲ್ಲ, ಹೋಗಲೂಬಾರದು. ಮೇಲಾಗಿ ಅನಿಲ 45.5 ಡಿಗ್ರಿ ದಾಟಿದರೆ ಎಷ್ಟು ಒತ್ತಿದರೂ ಅದು ದ್ರವವಾಗುವುದಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ, ತಗಡಿನ ಶೆಡ್, ಕಾದ ಕಂಪ್ರೆಸರ್. ಯೋಚಿಸಿ.

ಗೋಲಿಸೋಡಾ:

ನಾನು ಪಾಲಿಮರ್ ಪೊರೆಗಳ, ಅಂದರೆ ನೀವು ಹೇಳಿದ ಪ್ಲಾಸ್ಟಿಕ್ ಮೆಂಬ್ರೇನ್‌ಗಳ ಮೇಲೆ ಸಂಶೋಧನೆ ಮಾಡುತ್ತಿರುವ ವಿದ್ಯಾರ್ಥಿನಿ. ಪೀಣ್ಯದ ಸರ್, ನಿಮ್ಮ ಪ್ರಶ್ನೆ ನೋಡಿ ನಿಜಕ್ಕೂ ಖುಷಿಯಾಯಿತು. ಏಕೆಂದರೆ ಎಲ್ಲರೂ ಹೊಗೆ ಕೊಳವೆಯನ್ನೇ ಕೇಳುತ್ತಾರೆ, ಪೊರೆ ಚೆನ್ನಾಗಿ ದುಡಿಯಬಲ್ಲ ಜಾಗವನ್ನು ಯಾರೂ ಕೇಳುವುದಿಲ್ಲ.

ಮೊದಲು ಒಂದು ತಪ್ಪು ಕಲ್ಪನೆ. ಪೊರೆ ಎಂದರೆ ಜರಡಿ ಎಂದುಕೊಳ್ಳುತ್ತೇವೆ, ಸಣ್ಣ ಕಣ ಕೆಳಗೆ, ದೊಡ್ಡ ಕಣ ಮೇಲೆ. ಅನಿಲ ಬೇರ್ಪಡಿಸುವ ಸಾಮಾನ್ಯ ಪಾಲಿಮರ್ ಪೊರೆಯಲ್ಲಿ ತೂತುಗಳೇ ಇರುವುದಿಲ್ಲ. ಅನಿಲ ಪ್ಲಾಸ್ಟಿಕ್ಕಿನಲ್ಲಿ ಕರಗಿ, ಅದರ ಸರಪಳಿಗಳ ನಡುವೆ ದಾರಿ ಮಾಡಿಕೊಂಡು, ಆಚೆ ಕಡೆ ಹೊರಬೀಳುತ್ತದೆ. ನನ್ನ ಹೆಸರು ಗೋಲಿಸೋಡಾ ಏಕೆ ಗೊತ್ತೇ? ಗಾಜಿನ ಗೋಲಿಸೋಡಾ ಬಾಟಲಿಯಿಂದ ಗ್ಯಾಸ್ ಹೋಗಬೇಕಾದರೆ ಬಾಯಿಯಿಂದಲೇ ಹೋಗಬೇಕು. ಪ್ಲಾಸ್ಟಿಕ್ ಬಾಟಲಿಯ ಸೋಡಾ ಮುಚ್ಚಳ ತೆಗೆಯದೆಯೂ ಕೆಲವು ತಿಂಗಳಲ್ಲಿ ಸಪ್ಪೆಯಾಗುತ್ತದೆ, ಗ್ಯಾಸ್ ಬಾಟಲಿಯ ಗೋಡೆಯಲ್ಲೇ ಕರಗಿ ಹೊರಗೆ ಹೋಗಿರುತ್ತದೆ. ಥಾಮಸ್ ಗ್ರಹಾಂ ಎಂಬ ರಸಾಯನಶಾಸ್ತ್ರಜ್ಞ ರಬ್ಬರಿನಲ್ಲಿ ಅನಿಲ ಹೀಗೆ ಕರಗಿ ಹಾಯುವುದನ್ನು 1866ರಲ್ಲೇ ವಿವರಿಸಿದ್ದ.

ಯಾವ ಅನಿಲ ಎಷ್ಟು ಬೇಗ ಹಾಯುತ್ತದೆ ಎಂಬುದು ಎರಡು ಗುಣಗಳ ಮೇಲೆ ನಿಂತಿದೆ. ಎಷ್ಟು ಕರಗುತ್ತದೆ, ಎಷ್ಟು ಬೇಗ ಚಲಿಸುತ್ತದೆ. ಅಣುವಿನ ಗಾತ್ರ ಇಲ್ಲಿ ಮುಖ್ಯ. ಅದನ್ನು ಆಂಗ್‌ಸ್ಟ್ರಾಮ್‌ನಲ್ಲಿ, ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲಿನಲ್ಲಿ ಅಳೆಯುತ್ತೇವೆ. ಇಂಗಾಲದ ಡೈಆಕ್ಸೈಡ್ 3.3 ಆಂಗ್‌ಸ್ಟ್ರಾಮ್, ಆಮ್ಲಜನಕ 3.46, ಸಾರಜನಕ 3.64, ಮೀಥೇನ್ 3.8. ಎಸ್‌ಎಫ್‌6 ಮಾತ್ರ 5.5. ಇವುಗಳ ಸಾಲಿನಲ್ಲಿ ಅದು ಮದುವೆ ಮನೆಯ ಅಡುಗೆ ಕೊಪ್ಪರಿಗೆ ಇದ್ದಂತೆ, ಕಿಟಕಿಯಲ್ಲಿ ತೂರಿಸಲು ಆಗುವುದಿಲ್ಲ. ಪಾಲಿಇಮೈಡ್, ಪಾಲಿಸಲ್ಫೋನ್‌ನಂಥ ಗಡಸು ಪಾಲಿಮರಿನಲ್ಲಿ ಗಾಳಿ ಹಾಯ್ದುಹೋಗುತ್ತದೆ, ಎಸ್‌ಎಫ್‌6 ಹೆಚ್ಚುಕಡಿಮೆ ಅಲ್ಲೇ ಉಳಿಯುತ್ತದೆ.

ಕನ್ನಡ ಮೇಷ್ಟ್ರು:

ವಿಷಯಾಂತರಕ್ಕೆ ಕ್ಷಮೆಯಿರಲಿ. ‘ಪೊರೆ’ ಎಂದರೆ ನಮ್ಮ ಮನೆಯಲ್ಲಿ ಅತ್ತೆಯವರ ಕಣ್ಣಿನ ಆಪರೇಷನ್. ಊರಿನಲ್ಲಿ ಹಾವು ಬಿಟ್ಟುಹೋದ ಚರ್ಮ. ಹಳಗನ್ನಡದಲ್ಲಿ ‘ಕಾಪಾಡು’ ಎಂಬ ಕ್ರಿಯಾಪದ. ಈಗ ಅನಿಲವನ್ನೂ ಪೊರೆಯಲು ಹೊರಟಿದೆ. ಮುಂದುವರಿಯಿರಿ.

ಪೀಣ್ಯ ಎರಡನೇ ಹಂತ:

ಮೇಡಂ, ಕೊಪ್ಪರಿಗೆ ಉದಾಹರಣೆ ಅರ್ಥವಾಯಿತು. ಆದರೆ ನಮಗೆ ಬೇಕಾದ ಅನಿಲ ಯಾವ ಕಡೆಯಿಂದ ಬರುತ್ತದೆ? ಮತ್ತೆ ಮೊದಲಿನಿಂದ ಕಂಪ್ರೆಸ್ ಮಾಡಬೇಕೇ?

ಗೋಲಿಸೋಡಾ:

ಮೇಡಂ ಬೇಡ ಸರ್, ನಾನಿನ್ನೂ ಹಾಸ್ಟೆಲಿನಲ್ಲಿ ಬಕೆಟ್ ಹಿಡಿದು ಸರದಿ ನಿಲ್ಲುವವಳು.

ನೀವು ಕೇಳಿದ್ದು ಈ ವಿಷಯದ ಮರ್ಮ. ಪೊರೆಯ ಘಟಕ ನೋಡಲು ಹೀಗಿರುತ್ತದೆ: ಮೊಣಕೈಯಿಂದ ಬೆರಳ ತುದಿಯಷ್ಟು ಉದ್ದದ ಒಂದು ಕೊಳವೆ, ಅದರೊಳಗೆ ಶ್ಯಾವಿಗೆಯಂತೆ ಕಟ್ಟಿಟ್ಟ ಸಾವಿರಾರು ಟೊಳ್ಳು ಎಳೆಗಳು, ಎರಡೂ ತುದಿಯಲ್ಲಿ ಎಪಾಕ್ಸಿ ಅಂಟು. ಅಡ್ಡ ಕೊಯ್ದು ನೋಡಿದರೆ ಪ್ರತಿ ಎಳೆಯ ನಡುವೆ ಸೂಜಿಮೊನೆಯಷ್ಟು ರಂಧ್ರ ಕಾಣುತ್ತದೆ. ಎಳೆಯೊಳಗೆ ಆರೇಳು ಬಾರ್ ಒತ್ತಡದಲ್ಲಿ ನಿಮ್ಮ ಬೆರಕೆ ಅನಿಲ ಬಿಟ್ಟರೆ ಗಾಳಿ ಗೋಡೆ ಹಾಯ್ದು ಹೊರಕವಚಕ್ಕೆ ಬೀಳುತ್ತದೆ. ಎಸ್‌ಎಫ್‌6 ಎಳೆಯ ಆ ತುದಿಯಿಂದ ಹೊರಬರುತ್ತದೆ, ಒತ್ತಡ ಹೆಚ್ಚು ಕಳೆದುಕೊಳ್ಳದೆ. ಬೇಕಾದದ್ದು ಒತ್ತಡದ ಕಡೆಯೇ ಉಳಿಯುವುದು ನಿಮ್ಮ ಅದೃಷ್ಟ. ಅಲ್ಲಿಂದ ಸಿಲಿಂಡರಿಗೆ ತುಂಬುವುದು ಸಲೀಸು. ನೀರಾವಿ ಪೊರೆಯಲ್ಲಿ ಬಹಳ ಬೇಗ ಹಾಯುವುದರಿಂದ ಅನಿಲ ಒಣಗಿಯೂ ಬರುತ್ತದೆ.

ಇದು ಆಕಾಶದಿಂದ ಇಳಿದ ಯಂತ್ರವಲ್ಲ. ಪೀಣ್ಯದಲ್ಲೇ ಗಾಳಿಯಿಂದ ಸಾರಜನಕ ತೆಗೆಯುವ ಯಂತ್ರಗಳು ಇರುತ್ತವೆ. ಅವುಗಳಲ್ಲಿ ಕೆಲವು ಇದೇ ಬಗೆಯ ಎಳೆಗಳಿಂದ ಮಾಡಿದವು. ಅಲ್ಲಿ ಆಮ್ಲಜನಕ ಹಾಯುತ್ತದೆ, ಸಾರಜನಕ ಉಳಿಯುತ್ತದೆ.

ಕಷ್ಟಗಳೂ ಇವೆ. ಹೊರಹೋಗುವ ಗಾಳಿಯ ಜೊತೆ ಸ್ವಲ್ಪ ಎಸ್‌ಎಫ್‌6 ಹೋಗಿಯೇ ಹೋಗುತ್ತದೆ. ಅನಿಲವನ್ನು ನಿಧಾನಕ್ಕೆ ಹರಿಸಿದರೆ ಉಳಿದದ್ದು ಹೆಚ್ಚು ಶುದ್ಧ, ಆದರೆ ಸೋರಿಕೆಯೂ ಹೆಚ್ಚು. ಬೇಗ ಹರಿಸಿದರೆ ಸೋರಿಕೆ ಕಡಿಮೆ, ಶುದ್ಧತೆಯೂ ಕಡಿಮೆ. ಅದಕ್ಕೇ ಹೊರಹೋದದ್ದನ್ನು ಎರಡನೇ ಪೊರೆಗೆ ಕೊಟ್ಟು, ಅಲ್ಲಿ ಉಳಿದದ್ದನ್ನು ಮತ್ತೆ ಮೊದಲಿನ ಬಾಯಿಗೆ ತರುತ್ತಾರೆ. ನಿವೃತ್ತ ಮೀಟರ್ ಸರ್ ಹೇಳಿದ ಆಮ್ಲಗಳು ಪೊರೆಗೆ ಬರುವ ಮೊದಲೇ ಅಲ್ಯುಮಿನಾ ಹರಳುಗಳಲ್ಲಿ ಹೀರಿಕೆಯಾಗಬೇಕು. ಕಂಪ್ರೆಸರಿನ ಎಣ್ಣೆ ಇದಕ್ಕಿಂತ ದೊಡ್ಡ ಶತ್ರು. ಎಣ್ಣೆಯ ಮಂಜು ಒಮ್ಮೆ ಎಳೆಗಳ ಮೇಲೆ ಕುಳಿತರೆ ಆ ಘಟಕದ ಕಥೆ ಮುಗಿಯಿತು.

ಹೊಗೆಗೂಡು:

ನಾನು ಬಟ್ಟೆ ತೊಳೆಯುವ ಘಟಕವೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತೇನೆ. ನಮ್ಮ ಮಾಲೀಕರು ಚಿಮಣಿಯ ಬಾಯಿಗೇ ಮೆಂಬ್ರೇನ್ ಹಾಕಿಸಿ ‘ಇಂಗಾಲಮುಕ್ತ ಜೀನ್ಸ್’ ಎಂದು ಬೋರ್ಡ್ ಬರೆಸಬೇಕೆಂದಿದ್ದಾರೆ. ಯಾರೋ ಬಂದು 95 ಶೇಕಡಾ ಶುದ್ಧ ಇಂಗಾಲದ ಡೈಆಕ್ಸೈಡ್, ಒಂದೇ ಹಂತದಲ್ಲಿ, ಬರೀ ಒಂದು ವ್ಯಾಕ್ಯೂಮ್ ಪಂಪ್ ಸಾಕು ಎಂದು ಹೇಳಿ ಹೋಗಿದ್ದಾರೆ. ನಂಬಬಹುದೇ?

ಗೋಲಿಸೋಡಾ:

ಬೇಡ. ಕಾರಣವನ್ನು ಬೆರಳೆಣಿಕೆಯಲ್ಲೇ ಹೇಳಬಹುದು. ಅನಿಲ ಪೊರೆಯನ್ನು ಹಾಯುವುದು ತನ್ನ ಪಾಲಿನ ಒತ್ತಡ ಆಚೆ ಕಡೆ ಕಡಿಮೆ ಇದ್ದರೆ ಮಾತ್ರ. ನಿಮ್ಮ ಹೊಗೆಯಲ್ಲಿ ಶೇ. 12 ಇಂಗಾಲದ ಡೈಆಕ್ಸೈಡ್ ಇದೆ ಎನ್ನೋಣ. ಹೊಗೆಯ ಒತ್ತಡ 1 ಬಾರ್, ಹಾಗಾಗಿ ಅದರ ಪಾಲು 0.12 ಬಾರ್. ಆಚೆ ಕಡೆ ಪಂಪಿನಿಂದ ಎಳೆದು 0.2 ಬಾರ್‌ಗೆ ಇಳಿಸಿದ್ದೀರಿ. ಅಲ್ಲಿ ಅದರ ಪಾಲು 0.12ನ್ನು ದಾಟುವಂತಿಲ್ಲ. 0.2ರಲ್ಲಿ 0.12 ಎಂದರೆ ಶೇ. 60. ದೇವಲೋಕದಿಂದ ಪೊರೆ ತಂದರೂ ಅಷ್ಟೇ. ಪೊರೆಯ ಗುಣ ಎಷ್ಟು ಒಳ್ಳೆಯದು ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ, ಎರಡು ಕಡೆಯ ಒತ್ತಡಗಳ ಅನುಪಾತವೇ ಬಾಗಿಲು ಹಾಕುತ್ತದೆ. ಆ ಮಾತು ಹೇಳಿ ಹೋದವರನ್ನು ಈ ಲೆಕ್ಕ ಬರೆದು ತೋರಿಸಲು ಕೇಳಿ.

ಹಾಗಾದರೆ ಹೊಗೆಯನ್ನೇ ಒತ್ತೋಣ ಎಂದರೆ ನೂರರಲ್ಲಿ 88 ಪಾಲು ಬೇಡದ ಅನಿಲವನ್ನೂ ಒತ್ತಬೇಕು, ಕರೆಂಟ್ ಬಿಲ್ ನಿಮ್ಮದು. ಹಲವು ಹಂತಗಳಲ್ಲಿ ಮಾಡುವ ದೊಡ್ಡ ಪ್ರಯೋಗಗಳು ಅಮೆರಿಕದಲ್ಲಿ ನಡೆದಿವೆ, ಅದು ಬೇರೆ ಮಟ್ಟದ ಕೆಲಸ. ನಮ್ಮ ಪಕ್ಕದ ತಮಿಳುನಾಡಿನ ತೂತುಕುಡಿಯಲ್ಲಿ ರಾಸಾಯನಿಕ ಕಾರ್ಖಾನೆಯೊಂದು 2016ರಲ್ಲಿ ಕಲ್ಲಿದ್ದಲು ಬಾಯ್ಲರಿನ ಹೊಗೆಯಿಂದ ಇಂಗಾಲದ ಡೈಆಕ್ಸೈಡ್ ಹಿಡಿದು ಸೋಡಾ ಬೂದಿ ಮಾಡಲು ತೊಡಗಿತು. ಅಲ್ಲಿ ಹಿಡಿದದ್ದು ದ್ರಾವಕ, ಪೊರೆಯಲ್ಲ.

ಹೊಗೆಗೂಡು:

ಮಾಲೀಕರಿಗೆ ತೋರಿಸಿದೆ. “ಆ ಹುಡುಗಿಗೆ ವ್ಯವಹಾರ ಗೊತ್ತಿಲ್ಲ” ಎಂದರು. ಬೋರ್ಡ್ ಬರೆಯುವವನಿಗೆ ಕೊಟ್ಟ ಮುಂಗಡವನ್ನು ಮಾತ್ರ ವಾಪಸು ಕೇಳಿದ್ದಾರೆ.

ಕೊಳಚೆ ಕಾವಲುಗಾರ:

ಜೈವಿಕ ಅನಿಲದವರು ಯಾರೂ ಬಾಯಿ ಬಿಟ್ಟಿಲ್ಲವಲ್ಲ, ನಾನೇ ಬಿಡುತ್ತೇನೆ. ನಾನು ಕೊಳಚೆನೀರು ಶುದ್ಧೀಕರಣದ ಕೆಲಸದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಕೆಸರು ಕೊಳೆತಾಗ ಬರುವ ಅನಿಲದಲ್ಲಿ ಸುಮಾರು ಶೇ. 60 ಮೀಥೇನ್, ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್. ವಾಹನಕ್ಕೋ ಪೈಪಿಗೋ ಕೊಡಬೇಕಾದರೆ ನಮ್ಮ ಮಾನಕ ಐಎಸ್ 16087 ಪ್ರಕಾರ ಕನಿಷ್ಠ ಶೇ. 90 ಮೀಥೇನ್ ಇರಬೇಕು. ಈ ಕೆಲಸಕ್ಕೆ ಪೊರೆ ಜಗತ್ತಿನಾದ್ಯಂತ ಬಳಕೆಯಲ್ಲಿದೆ, ಮೀಥೇನ್ ಒತ್ತಡದ ಕಡೆಯೇ ಉಳಿಯುತ್ತದೆ.

ಆದರೆ ಮಾರಾಟಗಾರರು ಒಂದು ಅಂಕಿಯನ್ನು ಮೆಲ್ಲಗೆ ನುಂಗುತ್ತಾರೆ. ಒಂದೇ ಹಂತದ ಅಗ್ಗದ ಯಂತ್ರದಲ್ಲಿ ಇಂಗಾಲದ ಡೈಆಕ್ಸೈಡಿನ ಜೊತೆ ಮೀಥೇನೂ ಹೊರಗೆ ಹೋಗುತ್ತದೆ. ಹತ್ತರಲ್ಲಿ ಒಂದು ಪಾಲು ಹೋಯಿತು ಎನ್ನೋಣ. ಗಂಟೆಗೆ 100 ಘನ ಮೀಟರ್ ಅನಿಲ ಬಂದರೆ ಅದರಲ್ಲಿ 60 ಮೀಥೇನ್, 6 ಆಕಾಶಕ್ಕೆ. 6 ಘನ ಮೀಟರ್ ಎಂದರೆ ಸುಮಾರು 4.1 ಕೆ.ಜಿ. ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ 28 ಪಟ್ಟು ಬಿಸಿ ಮಾಡುವುದರಿಂದ 28ರಿಂದ ಗುಣಿಸಿದರೆ 115 ಕೆ.ಜಿ. ಇಂಗಾಲದ ಡೈಆಕ್ಸೈಡಿಗೆ ಸಮ. ಉಳಿದ 54 ಘನ ಮೀಟರ್ ಅಷ್ಟೇ ನೈಸರ್ಗಿಕ ಅನಿಲದ ಬದಲು ಉರಿದರೆ ಉಳಿತಾಯ ಸುಮಾರು 100 ಕೆ.ಜಿ. ಅಂದರೆ ಹಾನಿಯೇ ಹೆಚ್ಚು! ಮೂರು ಹಂತದ ಯಂತ್ರದಲ್ಲಿ ಸೋರಿಕೆ ಶೇ. 1ಕ್ಕಿಂತ ಕೆಳಗೆ ಬರುತ್ತದೆ, ಆಗ ಹಾನಿ 11, ಉಳಿತಾಯ 111. ‘ಮೀಥೇನ್ ಶುದ್ಧತೆ ಎಷ್ಟು’ ಎಂದಷ್ಟೇ ಕೇಳುವವರು ಮೋಸಹೋಗುತ್ತಾರೆ. ಕೇಳಬೇಕಾದದ್ದು ಹೊರಹೋಗುವ ಪೈಪಿನಲ್ಲಿ ಏನಿದೆ ಎಂದು. ಆ ಪೈಪಿಗೆ ಮಾಪಕವನ್ನೇ ಇಡದ ಕಡೆ ನಾನು ಸಹಿ ಹಾಕಿಲ್ಲ, ಅದಕ್ಕೆ ಬೈಗುಳ ತಿಂದಿದ್ದೇನೆ.

ಬೆಳ್ಳಂದೂರಿನ ಬಾಡಿಗೆದಾರ:

ಹಾಗಾದರೆ ನಮ್ಮ ಕೆರೆಯ ಮೇಲೆಯೂ ಒಂದು ಪೊರೆ ಹಾಸಬಹುದಲ್ಲ? 2015ರಲ್ಲಿ ನೊರೆಗೆ ಬೆಂಕಿ, 2017ರಲ್ಲಿ ಮತ್ತೆ ಬೆಂಕಿ. ನೀರಿಗೆ ಬೆಂಕಿ ಬೀಳುವ ಊರಿನಲ್ಲಿ ಮನೆ ಮಾಡಿದ್ದೀಯಾ ಎಂದು ಅಮ್ಮ ಈಗಲೂ ಫೋನಿನಲ್ಲಿ ಕೇಳುತ್ತಾರೆ.

ಕೊಳಚೆ ಕಾವಲುಗಾರ:

ಪೊರೆಗೆ ಪೈಪು ಬೇಕು ಸ್ವಾಮಿ. ಎಕರೆಗಟ್ಟಲೆ ಹರಡಿಕೊಂಡು ಗುಳ್ಳೆಗುಳ್ಳೆಯಾಗಿ ಬರುವ ಅನಿಲವನ್ನು ಮೊದಲು ಒಂದು ಕಡೆ ಸೇರಿಸುವವರು ಯಾರು? ಕೊಳಚೆ ಕೆರೆಗೆ ಬರದಂತೆ ತಡೆಯುವುದೇ ಅಲ್ಲಿ ಮೆಂಬ್ರೇನ್.

ಲೆಕ್ಕಿಗ:

ಎಲ್ಲ ಸರಿ, ದುಡ್ಡು? ಏಳು ಜನರ ಶೆಡ್ಡಿನವರು ಎರಡು ಹಂತದ ಪೊರೆ, ಎಣ್ಣೆಯಿಲ್ಲದ ಕಂಪ್ರೆಸರ್, ಶುದ್ಧತೆ ಅಳೆಯುವ ಉಪಕರಣ ತರಲು ಸಾಲ ಮಾಡಬೇಕೇ? ಸರ್ಕಾರ 2023ರಲ್ಲಿ ಕಾರ್ಬನ್ ಕ್ರೆಡಿಟ್ (ಹೊರಸೂಸುವಿಕೆ ತಗ್ಗಿಸಿದ್ದಕ್ಕೆ ಸಿಗುವ, ಮಾರಬಹುದಾದ ಪತ್ರ) ವ್ಯಾಪಾರದ ಯೋಜನೆ ಪ್ರಕಟಿಸಿದೆ ನಿಜ, ಆದರೆ ವರ್ಷಕ್ಕೆ ಹತ್ತಾರು ಕೆ.ಜಿ. ಹಿಡಿಯುವವರ ಮನೆ ಬಾಗಿಲಿಗೆ ಆ ಹಣ ಬರುತ್ತದೆ ಎಂದು ನಂಬಿ ಅಸಲು ಹಾಕಬೇಡಿ. ನಾನು ಕೇಳುವುದು ಒಂದೇ. ಗಾಳಿ ಬೆರೆಯುತ್ತಿರುವುದಾದರೂ ಎಲ್ಲಿಂದ? ಬ್ರೇಕರಿನೊಳಗೆ ಅದು ಇರಲಿಲ್ಲವಲ್ಲ.

ನಿವೃತ್ತ ಮೀಟರ್:

ಲೆಕ್ಕಿಗರೇ, ನಮ್ಮ ಕಾಲದಲ್ಲಿ ನಿಮ್ಮಂಥವರು ಸ್ಟೋರ್ಸಿನಲ್ಲಿ ಇದ್ದಿದ್ದರೆ ಎಷ್ಟು ಅನಿಲ ಉಳಿಯುತ್ತಿತ್ತೋ! ಸರಿಯಾದ ಪ್ರಶ್ನೆ.

ಪೀಣ್ಯದವರೇ, ನಿಮ್ಮ ಹೋಸುಗಳನ್ನು ನೋಡಿ. ಗಾಡಿಗೂ ಬ್ರೇಕರಿಗೂ ಜೋಡಿಸುವಾಗ ಹೋಸಿನ ತುಂಬ ಗಾಳಿಯಿರುತ್ತದೆ. ಮೊದಲು ಹೋಸನ್ನೇ ವ್ಯಾಕ್ಯೂಮ್ ಮಾಡದೆ ವಾಲ್ವ್ ತೆಗೆದರೆ ಅಷ್ಟೂ ಗಾಳಿ ಸಿಲಿಂಡರಿಗೆ ಸೇರುತ್ತದೆ, ಪ್ರತಿ ಸಲವೂ. ಎರಡನೆಯದು, ಬ್ರೇಕರಿನ ಒತ್ತಡ ಹೊರಗಿನ ಗಾಳಿಗಿಂತ ಕೆಳಗೆ ಇಳಿದ ಮೇಲೆ ಸವೆದ ಓ-ರಿಂಗ್ (ಜೋಡಣೆಯಲ್ಲಿ ಸೋರಿಕೆ ತಡೆಯುವ ರಬ್ಬರ್ ಬಳೆ) ಒಳಗಿನದನ್ನು ಸೋರಿಸುವುದಿಲ್ಲ, ಹೊರಗಿನದನ್ನು ಎಳೆದುಕೊಳ್ಳುತ್ತದೆ. ಸೋಪುನೀರಿನ ಪರೀಕ್ಷೆಯಲ್ಲಿ ಗುಳ್ಳೆ ಬರುವುದಿಲ್ಲ. ಪಂಪ್ ನಿಲ್ಲಿಸಿ, ವಾಲ್ವ್ ಮುಚ್ಚಿ, ಹತ್ತು ನಿಮಿಷ ಮುಳ್ಳನ್ನು ನೋಡುತ್ತಾ ಕೂರಿ. ಮೆಲ್ಲಗೆ ಮೇಲೇರಿದರೆ ಕಳ್ಳ ಸಿಕ್ಕಿದ.

ಐಇಸಿ 60480 ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರ ಮರುಬಳಕೆಯ ಅನಿಲ ಕನಿಷ್ಠ ಶೇ. 97 ಶುದ್ಧ ಇರಬೇಕು. ಅಂದರೆ ಗಾಳಿಗೆ ಇರುವುದು ಬರೀ ಮೂರು ಪಾಲಿನ ಅವಕಾಶ.

ದೀರ್ಘಕಾಲದಲ್ಲಿ ಈ ಅನಿಲವೇ ಹೋಗುತ್ತದೆ ಎನ್ನಿ. 11 ಕೆವಿಯಲ್ಲಿ (ಕಿಲೋವೋಲ್ಟ್) ಈ ಅನಿಲ ಬೇಡದ ವ್ಯಾಕ್ಯೂಮ್ ಬ್ರೇಕರ್ ಯಾವಾಗಲೋ ಸಾಮಾನ್ಯವಾಗಿದೆ. ಯುರೋಪಿನಲ್ಲಿ 24 ಕೆವಿವರೆಗಿನ ಹೊಸ ಉಪಕರಣಗಳಿಗೆ 2026ರ ಆರಂಭದಿಂದ ಎಸ್‌ಎಫ್‌6 ನಿಷೇಧವಿದೆ. ಆದರೆ ಈಗಾಗಲೇ ತುಂಬಿಟ್ಟದ್ದು ಎಲ್ಲಿಗೆ ಹೋಗುತ್ತದೆ? ಬಿಟ್ಟರೆ ವಾತಾವರಣದಲ್ಲಿ ಸುಮಾರು ಸಾವಿರ ವರ್ಷ ಅಥವಾ ಅದಕ್ಕೂ ಮೀರಿ ಇರುತ್ತದೆ.

ಪೀಣ್ಯ ಎರಡನೇ ಹಂತ:

ಮೂರು ವಾರ ಉತ್ತರಿಸಲಾಗಲಿಲ್ಲ, ಕ್ಷಮಿಸಿ. ನಡೆದದ್ದನ್ನು ಹೇಳುತ್ತೇನೆ.

ನಿವೃತ್ತ ಮೀಟರ್ ಸರ್ ಹೇಳಿದಂತೆ ಮುಳ್ಳಿನ ಮುಂದೆ ಕೂತೆ. ಐದು ನಿಮಿಷಕ್ಕೇ ಏರಿತು. ಗಾಡಿಯ ಕಡೆಯ ಹೋಸಿನ ಬಾಯಲ್ಲಿ ಓ-ರಿಂಗ್ ಇತ್ತು, ಆದರೆ ಅದು ನಾವೇ ಕತ್ತರಿಸಿ ಅಂಟಿಸಿದ್ದ ರಬ್ಬರ್. ಯಾವ ಕಾಲದಲ್ಲಿ ಹಾಕಿದ್ದೋ, ಉಗುರು ತಾಗಿಸಿದರೆ ಪುಡಿ ಉದುರಿತು. ಎರಡೂ ಹೋಸು ಬದಲಿಸಿದೆ, ಬಿಚ್ಚಿದ ಕೂಡಲೇ ತಾನೇ ಮುಚ್ಚಿಕೊಳ್ಳುವ ಕಪ್ಲಿಂಗ್ ಹಾಕಿಸಿದೆ. ಅದಕ್ಕಾದ ಖರ್ಚು ಹೆಂಡತಿಗೆ ಗೊತ್ತಿಲ್ಲ, ಇಲ್ಲಿ ಯಾರೂ ಹೇಳಬೇಡಿ. ಆಮೇಲೆ ಮಾಡಿದ ಎರಡು ಕೆಲಸಗಳಲ್ಲಿ ಅನಿಲ ತಕರಾರಿಲ್ಲದೆ ದ್ರವವಾಯಿತು.

ಆದರೂ ಹಳೆಯ ಬೆರಕೆ ಒಂದು ಸಿಲಿಂಡರ್ ಉಳಿದಿದೆ. ಇನ್ನು ಮುಂದೆಯೂ ಹೊರಗಿನಿಂದ ಗಾಳಿ ಸೇರಿಯೇ ಬರುವ ಕೆಲವು ಬ್ರೇಕರುಗಳು ಇರುತ್ತವೆ. ಗೋಲಿಸೋಡಾ ಅವರು ಖಾಸಗಿ ಸಂದೇಶದಲ್ಲಿ, ತಮ್ಮ ಪ್ರಯೋಗಾಲಯದಲ್ಲಿ ಮೂಲೆಗೆ ಬಿದ್ದಿರುವ ಸಾರಜನಕ ಯಂತ್ರದ ಎಳೆಗಳ ಘಟಕವನ್ನು ಗೈಡ್ ಅನುಮತಿ ಪಡೆದು ತರುತ್ತೇನೆ ಎಂದಿದ್ದಾರೆ. ನಾಲ್ಕೈದು ಶೆಡ್ಡಿನವರು ಸೇರಿ ಒಂದೇ ಘಟಕ ಇಟ್ಟುಕೊಂಡರೆ ಹೇಗೆ ಎಂದು ಅಕ್ಕಪಕ್ಕದಲ್ಲಿ ಕೇಳಿದ್ದೇನೆ. ಇಬ್ಬರು ಹೂಂ ಎಂದಿದ್ದಾರೆ. ಒಬ್ಬರು ನಕ್ಕರು.

ತೂಕದ ಪ್ರಕಾರ ಆ ಸಿಲಿಂಡರಿನಲ್ಲಿ ಸುಮಾರು ಎರಡು ಕೆ.ಜಿ. ಎಸ್‌ಎಫ್‌6 ಇರಬಹುದು. ಭಾನುವಾರ ಮಗಳು ಬಂದವಳು ಅದರ ಹೊಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ‘ಮೈಸೂರಿಗೆ 3000 ಸಲ’ ಎಂದು ದೊಡ್ಡದಾಗಿ ಬರೆದು ಹೋಗಿದ್ದಾಳೆ. ಹುಡುಗರು ಅದರ ವಾಲ್ವಿನ ಹತ್ತಿರ ಕೈ ಚಾಚುತ್ತಿಲ್ಲ.

ಗೋಲಿಸೋಡಾ:

ಸರ್, ಅನುಮತಿ ಸಿಕ್ಕಿತು. ಶನಿವಾರ ಹತ್ತು ಗಂಟೆಗೆ ಬರುತ್ತೇನೆ. ಅಲ್ಯುಮಿನಾ ನಾನೇ ತರುತ್ತೇನೆ. ಹೊರಹೋಗುವ ಕಡೆಗೆ ಒಂದು ಖಾಲಿ ಸಿಲಿಂಡರ್ ಇಟ್ಟಿರಿ, ಮೊದಲ ದಿನ ಏನನ್ನೂ ಹೊರಗೆ ಬಿಡುವುದು ಬೇಡ. ನಿಮ್ಮ ಕಂಪ್ರೆಸರ್ ಎಣ್ಣೆಯದೋ ಒಣದೋ? ಎಣ್ಣೆಯದಾದರೆ ಫಿಲ್ಟರಿನ ಫೋಟೋ ಇವತ್ತೇ ಕಳುಹಿಸಿ. ಮತ್ತೆ ಬಾಗಿಲು, ಕಿಟಕಿ ಎರಡೂ ತೆರೆದಿರಲಿ, ಗುಂಡಿಯ ಮೇಲಿನ ಹಲಗೆ ಮುಚ್ಚಿರಲಿ.